ಗಣಿಭೂಮಿಗೆ ಹುಲ್ಲಿನ ಆಯ್ಕೆ: ಕರೋಲ್ ಬಾಗ್‌ನ ಬೆಟ್ಟಸಾಲಿನಿಂದ ಸಂಡೂರಿನ ಗುಡ್ಡಗಳವರೆಗೆ

1. ಪ್ರವೇಶ

2020ರ ಜನವರಿ 8ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಗೆ ಸಂಬಂಧಿಸಿ ಒಂದು ಮಹತ್ವದ ನಿರ್ದೇಶನವನ್ನು ನೀಡಿತು. ಗಣಿ ಗುತ್ತಿಗೆದಾರರು ಕೆಲಸ ಮುಗಿದ ಮೇಲೆ ತಾವು ಅಗೆದ ನೆಲದಲ್ಲಿಯೂ ಗಣಿಯಿಂದ ಕೆಟ್ಟ ಸುತ್ತಲಿನ ನೆಲದಲ್ಲಿಯೂ ಮತ್ತೆ ಹುಲ್ಲನ್ನು ಬೆಳೆಸಬೇಕು. ಆ ನೆಲ ಮೇವಿಗೆ, ಸಸ್ಯಗಳಿಗೆ, ಪ್ರಾಣಿಗಳಿಗೆ ಯೋಗ್ಯವಾಗುವಂತೆ ಮಾಡಬೇಕು. ಗಣಿ ಯೋಜನೆಯಲ್ಲಿಯೂ ಪರಿಸರ ಅನುಮತಿಪತ್ರದಲ್ಲಿಯೂ ಇದನ್ನು ಷರತ್ತಾಗಿ ಸೇರಿಸಬೇಕು ಎಂಬುದು ಅದರ ಸಾರ. ಅದೇ ತಿಂಗಳಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಇದಕ್ಕೆ ತಕ್ಕ ಸುತ್ತೋಲೆಯನ್ನು ಹೊರಡಿಸಿತು. ಮರಗಳ ಸಂಖ್ಯೆಯಿಂದಲೇ ನೆಲದ ಪುನಶ್ಚೇತನವನ್ನು ಅಳೆಯುತ್ತಿದ್ದ ಆಡಳಿತಕ್ಕೆ ಹುಲ್ಲನ್ನು ನೆನಪಿಸಿದ ನಿರ್ದೇಶನವಿದು.

ಭಾರತೀಯ ಭಾಷೆಗಳ ನುಡಿಗಟ್ಟಿನಲ್ಲಿ ಹುಲ್ಲಿಗೆ ದೊರೆತಿರುವ ಸ್ಥಾನ ಕಿರಿದು. ಕಡೆಗಣಿಸುವುದನ್ನು ‘ತೃಣೀಕರಿಸು’ ಎನ್ನುತ್ತಾರೆ, ಅತ್ಯಲ್ಪವಾದುದು ‘ತೃಣಮಾತ್ರ’. ಆದರೆ ಬೋಳಾದ ಇಳಿಜಾರಿನ ಮೇಲೆ ಮಳೆಯ ಮೊದಲ ಹನಿ ಬಿದ್ದಾಗ ಮಣ್ಣನ್ನು ಹಿಡಿದು ನಿಲ್ಲಿಸುವುದು ಈ ತೃಣವೇ. ನ್ಯಾಯಾಲಯ ಹುಲ್ಲನ್ನು ಹೇಳಿತು. ಯಾವ ಹುಲ್ಲು ಎಂಬುದನ್ನು ಹೇಳಲಿಲ್ಲ. ಅದು ನ್ಯಾಯಾಲಯ ಹೇಳಬೇಕಾದ ಮಾತೂ ಅಲ್ಲ. ಆ ಆಯ್ಕೆ ನೆಲವನ್ನು ಬಲ್ಲವರಿಗೆ ಸೇರಿದ್ದು. ಆಯ್ಕೆ ತಪ್ಪಿದರೆ ಮೊದಲ ವರ್ಷ ಹಸುರಾಗಿ ಕಂಡ ಗುಡ್ಡ ಮೂರನೆಯ ವರ್ಷ ಕೆಳಗಿನ ಕೆರೆಗೆ ಜಾರಬಹುದು. ಬೇಗ ಬೆಳೆಯುವ ಗುಣವೊಂದನ್ನೇ ನೋಡಿ ಮಾಡಿದ ಆಯ್ಕೆ ಏಕೆ ಸಾಲದು, ಸರಿಯಾದ ಆಯ್ಕೆಯ ಅಳತೆಗೋಲುಗಳು ಯಾವುವು, ಅದರಲ್ಲಿ ಕನ್ನಡದ ಸಸ್ಯನಾಮಗಳ ಅಧ್ಯಯನಕ್ಕೆ ಯಾವ ಪಾತ್ರವಿದೆ ಎಂಬ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕರೋಲ್ ಬಾಗ್‌ನ ಪಾಠ

ದೆಹಲಿಯ ಕರೋಲ್ ಬಾಗ್ ಇಂದು ಅಂಗಡಿಗಳ ಸಾಲುಗಳಿಗೆ ಹೆಸರಾದ ಬಡಾವಣೆ. ಹೊಸದೆಹಲಿಯ ನಿರ್ಮಾಣಕಾಲದಲ್ಲಿ ನೆಲೆ ಕಳೆದುಕೊಂಡ ಹಳ್ಳಿಗಳ ಜನ ಇಲ್ಲಿ ನೆಲೆಸಿದರು. 1947ರ ವಿಭಜನೆಯ ನಂತರ ಪಶ್ಚಿಮ ಪಂಜಾಬಿನ ನಿರಾಶ್ರಿತರು ಬಂದು ಸೇರಿದರು. ಈ ಜನನಿಬಿಡ ಬಡಾವಣೆಯ ಅಂಚಿನಲ್ಲಿಯೇ ‘ರಿಡ್ಜ್’ ಎಂದು ಕರೆಯುವ ಬೆಟ್ಟಸಾಲು ಆರಂಭವಾಗುತ್ತದೆ. ಫಿರೋಜ್ ಷಾ ತುಘಲಕನ ಕಾಲದ ಬೇಟೆಯ ಬಿಡದಿಯೆನ್ನಲಾಗುವ ಭೂಲಿ ಭಟಿಯಾರಿ ಮಹಲು ಅದರ ಅಂಚಿನಲ್ಲಿದೆ. ಅರಾವಳಿ ಪರ್ವತಶ್ರೇಣಿಯ ಉತ್ತರದ ತುದಿಯಾದ ಈ ಸಾಲು ಗಟ್ಟಿಯಾದ ಕ್ವಾರ್ಟ್‌ಜೈಟ್ ಶಿಲೆಯದು. ದೆಹಲಿಯ ಕೋಟೆಕೊತ್ತಳಗಳಿಗೂ ರಸ್ತೆಗಳಿಗೂ ಬೇಕಾದ ಕಲ್ಲನ್ನು ಶತಮಾನಗಳ ಕಾಲ ಈ ಸಾಲು ಒದಗಿಸಿದೆ. ಕರೋಲ್ ಬಾಗ್‌ಗೆ ಹೊಂದಿಕೊಂಡ ಮಧ್ಯ ರಿಡ್ಜ್‌ನ ವಿಸ್ತಾರ 864 ಹೆಕ್ಟೇರು.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಬೋಳುಗುಡ್ಡಗಳನ್ನು ಬೇಗ ಹಸುರಾಗಿಸುವ ಪ್ರಯತ್ನ ನಡೆಯಿತು. ಅದಕ್ಕಾಗಿ ಆಯ್ದುಕೊಂಡ ಗಿಡಗಳಲ್ಲಿ ಅತ್ಯಂತ ಯಶಸ್ವಿಯಾದುದು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕಾ ಮೂಲದ ಪ್ರೊಸೋಪಿಸ್ ಜೂಲಿಫ್ಲೋರಾ. ದೆಹಲಿಯವರು ಅದನ್ನು ‘ವಿಲಾಯತಿ ಕೀಕರ್’ ಎನ್ನುತ್ತಾರೆ. ಕನ್ನಡಿಗರಿಗೂ ಅದು ಅಪರಿಚಿತವಲ್ಲ. ಅದೇ ‘ಬಳ್ಳಾರಿ ಜಾಲಿ’, ‘ಸೀಮೆ ಜಾಲಿ’. ಹಿಂದಿಯ ‘ವಿಲಾಯತಿ’ ಎಂಬ ವಿಶೇಷಣವೂ ಕನ್ನಡದ ‘ಸೀಮೆ’ ಎಂಬ ವಿಶೇಷಣವೂ ಒಂದೇ ಅರ್ಥವನ್ನು ಕೊಡುತ್ತವೆ: ಹೊರಗಿನಿಂದ ಬಂದದ್ದು. ‘ಬಳ್ಳಾರಿ’ ಎಂಬ ವಿಶೇಷಣ ಇನ್ನೊಂದು ಸಂಗತಿಯನ್ನು ಸೂಚಿಸುತ್ತದೆ. 1870ರ ದಶಕದಲ್ಲಿ ಈ ಮರದ ಬೀಜ ಮದರಾಸು ಪ್ರಾಂತ್ಯದ ಕಡಪಾ ಭಾಗಕ್ಕೆ ಬಂದಿತು. ಬಳ್ಳಾರಿ ಆಗ ಅದೇ ಪ್ರಾಂತ್ಯದ ನೆರೆಯ ಜಿಲ್ಲೆ. ಒಣಭೂಮಿಯ ಆ ಸೀಮೆಯಲ್ಲಿ ಮರ ಎಷ್ಟು ಹರಡಿತೆಂದರೆ ಕನ್ನಡನಾಡು ಅದನ್ನು ಬಳ್ಳಾರಿಯ ಹೆಸರಿನಿಂದಲೇ ಗುರುತಿಸಿತು. ಹೀಗೆ ಕರೋಲ್ ಬಾಗ್‌ನ ಬೆಟ್ಟಸಾಲಿಗೂ ಕರ್ನಾಟಕದ ಗಣಿನಾಡಿಗೂ ಒಂದು ಮರದ ಹೆಸರು ಸೇತುವೆಯಾಗಿದೆ.

ಜಾಲಿ ತನ್ನ ಕೆಲಸವನ್ನು ಮಾಡಲಿಲ್ಲವೆಂದು ಹೇಳಲಾಗದು. ಅದು ಬೇಗ ಬೆಳೆಯಿತು, ಬರಗಾಲವನ್ನು ತಾಳಿತು, ಬಡವರ ಒಲೆಗೆ ಸೌದೆಯಾಯಿತು. ಆದರೆ ಅದು ಮತ್ತೊಂದಕ್ಕೆ ಜಾಗ ಬಿಡಲಿಲ್ಲ. ದಟ್ಟ ನೆರಳಿನಿಂದಲೂ ಉದುರಿದ ಎಲೆಗಳಿಂದ ಮಣ್ಣಿಗಿಳಿಯುವ ರಾಸಾಯನಿಕಗಳಿಂದಲೂ ಅದರಡಿಯ ಹುಲ್ಲು ಕ್ಷೀಣಿಸುತ್ತದೆ. ದನಕರುಗಳು ಸಿಹಿಯಾದ ಕಾಯನ್ನು ತಿಂದು ಬೀಜವನ್ನು ಎಲ್ಲೆಡೆ ಹರಡುತ್ತವೆ. ಮೇಲಿನಿಂದ ನೋಡಿದರೆ ಹಸುರು. ಕೆಳಗೆ ಬಗ್ಗಿ ನೋಡಿದರೆ ಬರಿಯ ಮಣ್ಣು, ಅದರ ಮೇಲೆ ಮಳೆನೀರು ಕೊರೆದ ಗೆರೆಗಳು. ನೆಟ್ಟು ಒಂದು ಶತಮಾನದ ನಂತರ ಅದೇ ಮರವನ್ನು ಹಂತಹಂತವಾಗಿ ಹಿಂದೆಗೆದು ಸ್ಥಳೀಯ ಸಸ್ಯಗಳನ್ನು ತರುವ ಯೋಜನೆಗಳನ್ನು ದೆಹಲಿ ರೂಪಿಸಬೇಕಾಗಿ ಬಂದಿದೆ. ಬಂದು ನೆಲವನ್ನು ಹಿಡಿಯುವ ಸಸ್ಯಕ್ಕೆ ಹಿಂದೆ ಸರಿಯುವ ಗುಣವೂ ಇರಬೇಕೆಂಬುದು ಈ ಬೆಟ್ಟಸಾಲು ಕಲಿಸುವ ಮೊದಲ ಪಾಠ.

3. ಗಣಿಯ ಮಣ್ಣಿನ ಸ್ವರೂಪ

ಗಣಿಯ ಪಕ್ಕದಲ್ಲಿ ರಾಶಿ ಹಾಕಿದ ತ್ಯಾಜ್ಯವನ್ನು ಗಣಿನಾಡಿನ ಜನ ‘ಡಂಪು’ ಎನ್ನುತ್ತಾರೆ. ಅದನ್ನು ಮಣ್ಣು ಎಂದು ಕರೆಯುವುದು ಉಪಚಾರಕ್ಕೆ ಮಾತ್ರ. ಭೂಮಿಯ ಆಳದಲ್ಲಿದ್ದ ಕಲ್ಲುಚೂರು, ಅದಿರಿನ ಪುಡಿ, ಜೇಡಿ ಎಲ್ಲವೂ ಕ್ರಮವಿಲ್ಲದೆ ಬೆರೆತ ರಾಶಿಯದು. ಅದರಲ್ಲಿ ಸಾವಯವ ಅಂಶವೂ ಸಾರಜನಕವೂ ತೀರ ಕಡಿಮೆ, ಸೂಕ್ಷ್ಮಜೀವಿಗಳು ವಿರಳ. ದೊಡ್ಡ ಕಲ್ಲುಗಳ ನಡುವೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಪುಡಿ ಸೇರಿದ ಕಡೆ ಮೇಲ್ಪದರ ಹೆಪ್ಪುಗಟ್ಟಿ ನೀರು ಇಳಿಯುವುದೇ ಇಲ್ಲ. ಬೇಸಗೆಯಲ್ಲಿ ಕಪ್ಪು, ಕೆಂಪು ಬಣ್ಣದ ಆ ಮೇಲ್ಮೈ ಸುಡುತ್ತದೆ. ಲಾರಿಯಿಂದ ಸುರಿದ ರಾಶಿ ತನ್ನಷ್ಟಕ್ಕೆ ನಿಲ್ಲುವ ಓರೆಯೂ ಬಹಳ ಕಡಿದಾದುದು.

ಇಂಥ ಇಳಿಜಾರಿನ ಮೇಲೆ ಮರವೊಂದೇ ನಿಂತರೆ ಸಾಲದು. ಮರದ ಬೇರು ಆಳಕ್ಕೆ ಹೋಗುತ್ತದೆ. ಆದರೆ ಸಸಿ ಬೆಳೆದು ನೆಲವನ್ನು ಹಿಡಿಯಲು ವರ್ಷಗಳು ಬೇಕು. ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವಿನ ನೆಲ ಅಷ್ಟು ಕಾಲವೂ ಬೋಳಾಗಿ ಉಳಿಯುತ್ತದೆ. ಹುಲ್ಲು ಮಾಡುವ ಕೆಲಸ ಬೇರೆ. ಅದರ ಎಲೆಗಳು ಮಳೆಹನಿಯ ಪೆಟ್ಟನ್ನು ತಡೆಯುತ್ತವೆ. ಬುಡದ ಗುಂಪು ಹರಿಯುವ ನೀರಿನ ವೇಗವನ್ನು ಕುಗ್ಗಿಸಿ ಅದು ಹೊತ್ತ ಹೂಳನ್ನು ಅಲ್ಲೇ ಇಳಿಸುತ್ತದೆ. ನೂಲಿನಂಥ ನೂರಾರು ಬೇರುಗಳು ಮಣ್ಣಿನ ಕಣಗಳನ್ನು ಬಲೆಯಂತೆ ಬಿಗಿಯುತ್ತವೆ. ಪ್ರತಿವರ್ಷ ಸತ್ತ ಬೇರು ಮಣ್ಣಿನೊಳಗೇ ಗೊಬ್ಬರವಾಗುತ್ತದೆ. ಡಂಪು ಮಣ್ಣಾಗುವ ಕ್ರಿಯೆ ಹೀಗೆ ಆರಂಭವಾಗುತ್ತದೆ.

ಆದರೆ ಹುಲ್ಲಿನ ಮಿತಿಯನ್ನೂ ಮರೆಯುವಂತಿಲ್ಲ. ಅದು ಕಾಯುವುದು ಮೇಲಿನ ಪದರವನ್ನು. ರಾಶಿಯ ಬುಡವೇ ಸರಿದರೆ ಯಾವ ಹುಲ್ಲೂ ಅದನ್ನು ತಡೆಯದು. ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿಯುವುದು, ಬುಡಕ್ಕೆ ತಡೆಗೋಡೆ ಕಟ್ಟುವುದು, ಮೇಲಿನ ನೀರನ್ನು ಸುತ್ತುಗಾಲುವೆಯಿಂದ ಹೊರಗೆ ಒಯ್ಯುವುದು, ತೆಗೆದಿಟ್ಟ ಮೇಲ್ಮಣ್ಣನ್ನು ಜೀವ ಕಳೆದುಕೊಳ್ಳುವ ಮೊದಲೇ ಹರಡುವುದು – ಇವು ಹುಲ್ಲಿಗೆ ಮುಂಚಿನ ಕೆಲಸಗಳು. ಕಡಿದಾದ ಕಡೆ ತೆಂಗಿನ ನಾರಿನ ಜಾಲವನ್ನು ಹಾಸಿ ಅದರ ಕಣ್ಣುಗಳಲ್ಲಿ ಬೀಜ ಬಿತ್ತುವ ಪದ್ಧತಿಯೂ ಇದೆ. ಬೇರು ಹಿಡಿಯುವವರೆಗೆ ನೆಲವನ್ನು ಕಾಯುವುದು ಅದರ ಕೆಲಸ, ಆಮೇಲೆ ನಾರು ತಾನಾಗಿ ಕೊಳೆತು ಮಣ್ಣಿಗೆ ಸೇರುತ್ತದೆ.

4. ಆಯ್ಕೆಯ ಅಳತೆಗೋಲುಗಳು

ಕರೋಲ್ ಬಾಗ್‌ನ ಪಶ್ಚಿಮಕ್ಕೆ ಪುಸಾ ರಸ್ತೆಯ ಆಚೆ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ವಿಸ್ತಾರವಾದ ಆವರಣವಿದೆ. ಬಿಹಾರದ ಪುಸಾದಲ್ಲಿದ್ದ ಈ ಸಂಸ್ಥೆ 1934ರ ಭೂಕಂಪದಲ್ಲಿ ಕಟ್ಟಡಗಳನ್ನು ಕಳೆದುಕೊಂಡು 1936ರಲ್ಲಿ ದೆಹಲಿಗೆ ಬಂದಿತು; ಊರಿನ ಹೆಸರೂ ಅದರೊಂದಿಗೆ ಬಂದಿತು. ಇಲ್ಲಿ ಸಜ್ಜೆ ಮತ್ತು ನೇಪಿಯರ್ ಹುಲ್ಲುಗಳನ್ನು ಕೂಡಿಸಿ ರೂಪಿಸಿದ ‘ಪುಸಾ ಜೈಂಟ್ ನೇಪಿಯರ್’ ಹೈನುಗಾರರಿಗೆ ಸುಪರಿಚಿತ. ಹೆಚ್ಚು ನೀರು, ಹೆಚ್ಚು ಗೊಬ್ಬರ, ಪದೇಪದೇ ಕೊಯ್ಲು ಅದರ ಲಕ್ಷಣ. ಮೇವಿನ ಹೊಲಕ್ಕೆ ಇದು ಗುಣ. ನೀರುಣಿಸುವವರಿಲ್ಲದ ಗಣಿಯ ಇಳಿಜಾರಿಗೆ ಇದೇ ದೋಷ. ಮೇವಿಗಾಗಿ ಹುಲ್ಲನ್ನು ಆಯುವವರು ನೆಲದ ಮೇಲಿನ ಭಾಗವನ್ನು ತೂಗಿ ನೋಡುತ್ತಾರೆ. ಮಣ್ಣಿಗಾಗಿ ಆಯುವವರು ನೆಲದ ಕೆಳಗಿನ ಭಾಗವನ್ನು ನೋಡಬೇಕಾಗುತ್ತದೆ. ಈ ಭೇದ ಸ್ಪಷ್ಟವಾದರೆ ಅಳತೆಗೋಲುಗಳು ತಾವಾಗಿ ಮೂಡುತ್ತವೆ.

ಮೊದಲನೆಯದು ಬೇರಿನ ವಿನ್ಯಾಸ. ಕೆಲವು ಹುಲ್ಲುಗಳು ನೆಲದ ಮೇಲೆ ಹಬ್ಬುತ್ತವೆ, ಕೆಲವು ಬುಡಕಟ್ಟಿ ಗುಂಪಾಗಿ ನಿಲ್ಲುತ್ತವೆ, ಕೆಲವು ನೇರವಾಗಿ ಕೆಳಗಿಳಿಯುತ್ತವೆ. ಎರಡನೆಯದು ಆಯುಸ್ಸು: ಒಂದೇ ಮಳೆಗಾಲದಲ್ಲಿ ಮುಗಿಯುವುದೋ ಹಲವು ವರ್ಷ ಬಾಳುವುದೋ. ಮೂರನೆಯದು ನೀರಿನ ಅಗತ್ಯ. ನಾಲ್ಕನೆಯದು ಮೊಳೆಯುವ ರೀತಿ. ಬಳ್ಳಾರಿ ಸೀಮೆಯಲ್ಲಿ ಜೂನ್ ತಿಂಗಳ ಮಳೆಯ ನಂತರ ಬಿಸಿಲಿನ ಬಿಡುವು ಬರುವುದುಂಟು. ದೊಡ್ಡ ಮಳೆ ಸೆಪ್ಟೆಂಬರ್ ಅಕ್ಟೋಬರಿನದು. ಮೊದಲ ಹನಿಗೇ ಎಲ್ಲ ಬೀಜವೂ ಮೊಳೆತರೆ ಬಿಡುವಿನಲ್ಲಿ ಎಲ್ಲವೂ ಒಣಗಬಹುದು. ಸ್ಥಳೀಯ ಹುಲ್ಲುಗಳಲ್ಲಿ ಹಲವು ಬೀಜಗಳು ತಿಂಗಳುಗಟ್ಟಲೆ ನಿದ್ರಿಸಿ ಬೇರೆ ಬೇರೆ ಹದಗಳಲ್ಲಿ ಏಳುತ್ತವೆ. ಬಿತ್ತುವವನಿಗೆ ಇದು ವಿಳಂಬವೆಂದು ತೋರಿದರೂ ನೆಲದ ದೃಷ್ಟಿಯಿಂದ ಅದು ವಿಮೆ. ಐದನೆಯದು ಬೆಂಕಿ ಮತ್ತು ಮೇಯುವಿಕೆಯನ್ನು ತಾಳುವ ಶಕ್ತಿ. ಆರನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು, ಜಾಗ ಬಿಟ್ಟುಕೊಡುವ ಗುಣ: ನಂತರ ಬರುವ ಹುಲ್ಲಿಗೆ, ಪೊದೆಗೆ, ಮರಕ್ಕೆ ಅದು ನೆಲವನ್ನು ಸಿದ್ಧಪಡಿಸುತ್ತದೆಯೇ ಅಥವಾ ತಾನೇ ಆಕ್ರಮಿಸುತ್ತದೆಯೇ ಎಂಬುದು.

5. ಕೆಲವು ಹುಲ್ಲುಗಳ ಪರಿಶೀಲನೆ

ಗರಿಕೆ. ಗಣೇಶನ ಪೂಜೆಗೆ ಒದಗುವ ಈ ಹುಲ್ಲಿನ ಶಾಸ್ತ್ರೀಯ ನಾಮ ಸೈನೊಡಾನ್ ಡ್ಯಾಕ್ಟಿಲಾನ್. ಗೆಣ್ಣುಗೆಣ್ಣಿಗೂ ಬೇರಿಳಿಸುತ್ತ ನೆಲದ ಮೇಲೂ ಒಳಗೂ ಹಬ್ಬುವುದರಿಂದ ಇದು ಮೇಲ್ಪದರವನ್ನು ಚಾಪೆಯಂತೆ ಮುಚ್ಚುತ್ತದೆ. ತುಳಿದರೂ ಮೇಯ್ದರೂ ಮತ್ತೆ ಚಿಗುರುತ್ತದೆ. ಆದರೆ ಇದಕ್ಕೆ ನಯವಾದ ಮಣ್ಣೂ ಒಂದಿಷ್ಟು ತೇವವೂ ಬೇಕು. ಬರಿಯ ಕಲ್ಲುಚೂರಿನ ಇಳಿಜಾರಿನಲ್ಲಿ ಸೊರಗುತ್ತದೆ. ಮೆಟ್ಟಿಲುಗಳ ಸಮತಟ್ಟು, ಕಾಲುವೆಯ ದಂಡೆ, ಹೂಳು ನಿಲ್ಲುವ ಬುಡ – ಇವು ಗರಿಕೆಗೆ ತಕ್ಕ ಸ್ಥಳಗಳು.

ಲಾವಂಚ. ಮುಡಿವಾಳವೆಂದೂ ಕರೆಯುವ ಈ ಸುಗಂಧದ ಹುಲ್ಲಿನ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಅನುಕೂಲವಾದ ನೆಲದಲ್ಲಿ ಮೂರು ನಾಲ್ಕು ಮೀಟರ್ ಆಳವನ್ನು ಮುಟ್ಟುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆಸುವ ಬಗೆ ಮೊಳೆಯುವ ಬೀಜವನ್ನು ಕೊಡುವುದಿಲ್ಲವಾದ್ದರಿಂದ ತಾನಾಗಿ ಹರಡುವ ಭಯವಿಲ್ಲ. ಆಮ್ಲೀಯ ಮಣ್ಣನ್ನೂ ಕ್ಷಾರೀಯ ಮಣ್ಣನ್ನೂ ಹಲವು ಲೋಹಗಳ ವಿಷವನ್ನೂ ತಾಳುವ ಗುಣದಿಂದಾಗಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳ ಗಣಿಗಳಲ್ಲಿ ಇದನ್ನು ಬಳಸಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಲಾವಂಚದ ಬೇಲಿಯನ್ನು ಮಣ್ಣಿನ ಸಂರಕ್ಷಣೆಗಾಗಿ ಲೋಕಕ್ಕೆ ಪರಿಚಯಿಸಿದಾಗ ಅವರು ಎತ್ತಿಹಿಡಿದ ಹಳೆಯ ನಿದರ್ಶನಗಳಲ್ಲಿ ಒಂದು ಮೈಸೂರಿನ ಬಳಿಯ ಗುಂಡ್ಲುಪೇಟೆಯದು ಎಂಬುದು ಗಮನಾರ್ಹ. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚವನ್ನು ನೆಡುತ್ತ ಬಂದಿದ್ದರು. ಇದರ ಮಿತಿಗಳೂ ಸ್ಪಷ್ಟ. ಬೀಜವಿಲ್ಲದ ಕಾರಣ ಒಂದೊಂದು ಬುಡವನ್ನೂ ಸೀಳಿ, ಸಮಪಾತಳಿ ಸಾಲಿನಲ್ಲಿ ಗೇಣಿಗೂ ಕಡಿಮೆ ಅಂತರಕ್ಕೆ ನೆಡಬೇಕು. ಬೇಲಿ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಬೇಕು. ಸಾಲುಗಳ ನಡುವಿನ ನೆಲವನ್ನು ಅದು ಮುಚ್ಚದು. ಅಲ್ಲಿ ಬೇರೆ ಹುಲ್ಲು ಬೇಕೇ ಬೇಕು. ಬೇರಿಗೆ ಬೆಲೆಯಿರುವುದರಿಂದ ಅಗೆದು ಮಾರುವ ಆಸೆಯೂ ಹುಟ್ಟುತ್ತದೆ. ಅಗೆದ ದಿನ ಇಳಿಜಾರು ಮೊದಲಿನ ಸ್ಥಿತಿಗೆ ಮರಳುತ್ತದೆ.

ಕಾಡುಕಬ್ಬು ಮತ್ತು ಮುಂಜ. ಸ್ಯಾಕರಮ್ ಸ್ಪಾಂಟೇನಿಯಮ್ ಎಂಬ ಕಾಡುಕಬ್ಬು ಯಾರೂ ಬಿತ್ತದೆಯೇ ಕಲ್ಲಿದ್ದಲು ಗಣಿಗಳ ಡಂಪಿನ ಮೇಲೆ ಮೊದಲು ಕಾಣಿಸಿಕೊಳ್ಳುವ ಹುಲ್ಲುಗಳಲ್ಲೊಂದು. ಗಾಳಿಯಲ್ಲಿ ತೇಲುವ ಬೀಜವೂ ನೆಲದೊಳಗಿನ ಕಾಂಡವೂ ಅದರ ಬಲ. ಅದರ ಬಂಧುವಾದ ಮುಂಜ ದೆಹಲಿ ರಾಜಸ್ಥಾನಗಳ ಮರಳುನೆಲದ್ದು. ಉಪನಯನದ ‘ಮೌಂಜಿ’ ಎಂಬ ಪದದಲ್ಲಿ ಕನ್ನಡಿಗರಿಗೆ ಅದರ ಹೆಸರು ಪರಿಚಿತ. ಅರಾವಳಿಯ ಹಳ್ಳಿಗರಿಗೆ ಅದು ಹಗ್ಗ, ಮೊರ, ಸೂರಿನ ಸಾಮಗ್ರಿ. ಇವು ದೊಡ್ಡ ಬುಡದ, ಗಟ್ಟಿ ಹಿಡಿತದ ಹುಲ್ಲುಗಳು. ಆದರೆ ಹೊಲದ ಪಕ್ಕಕ್ಕೆ ಬಂದರೆ ಕಾಡುಕಬ್ಬು ಕೀಳಲಾಗದ ಕಳೆ.

ಅಂಜನ್ ಹುಲ್ಲು. ಸೆಂಕ್ರಸ್ ಸಿಲಿಯಾರಿಸ್ ಪಶ್ಚಿಮ ಭಾರತದ ಒಣನೆಲದ ಬಹುವಾರ್ಷಿಕ ಹುಲ್ಲು. ಕಡಿಮೆ ಮಳೆಯಲ್ಲಿ ಬಾಳುತ್ತದೆ, ಮೇವಿಗೂ ಒಳ್ಳೆಯದು. ಇದೇ ಹುಲ್ಲು ಆಸ್ಟ್ರೇಲಿಯಾದ ಮತ್ತು ಅಮೆರಿಕಾದ ಸೊನೊರಾ ಮರುಭೂಮಿಯ ಸ್ಥಳೀಯ ಸಸ್ಯಗಳನ್ನು ಒತ್ತರಿಸಿ, ಬೆಂಕಿಯೇ ಇಲ್ಲದಿದ್ದ ನೆಲಕ್ಕೆ ಬೆಂಕಿಯನ್ನು ತಂದಿದೆ. ಒಂದೂರಿನ ನಿವಾಸಿ ಮತ್ತೊಂದೂರಿನ ಆಕ್ರಮಣಕಾರ. ಒಳ್ಳೆಯ ಹುಲ್ಲು, ಕೆಟ್ಟ ಹುಲ್ಲು ಎಂಬ ನಿರಪೇಕ್ಷ ವಿಂಗಡಣೆ ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೀನಾನಾಥ ಹುಲ್ಲು ಮತ್ತು ಸ್ಟೈಲೊ. ಪೆನ್ನಿಸೆಟಮ್ ಪೆಡಿಸೆಲ್ಲೇಟಮ್ ಎಂಬ ದೀನಾನಾಥ ಹುಲ್ಲು ಬಿತ್ತಿದ ಮಳೆಗಾಲದಲ್ಲಿಯೇ ಡಂಪನ್ನು ಮುಚ್ಚುತ್ತದೆ. ಬೀಜ ಸುಲಭವಾಗಿ ದೊರೆಯುತ್ತದೆ; ಆದ್ದರಿಂದಲೇ ಕಲ್ಲಿದ್ದಲು ಗಣಿಗಳಲ್ಲಿ ಅದರ ಬಳಕೆ ಹೆಚ್ಚು. ಆದರೆ ಅದು ಬಹುಮಟ್ಟಿಗೆ ವಾರ್ಷಿಕ. ಚಳಿಗಾಲದ ಕೊನೆಗೆ ಒಣಗಿದ ರಾಶಿಯಾಗಿ ಬೆಂಕಿಗೆ ಉರುವಲಾಗುತ್ತದೆ. ಮುಂದಿನ ಮಳೆಯ ಮೊದಲ ಹನಿಗಳು ಬೋಳುನೆಲದ ಮೇಲೆಯೇ ಬೀಳುತ್ತವೆ. ಸ್ಟೈಲೊ ಹುಲ್ಲಲ್ಲ, ದ್ವಿದಳ ಜಾತಿಯ ಮೇವಿನ ಗಿಡ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಹುಲ್ಲಿನ ಜೊತೆಗಾರನಾಗಿ ಅದನ್ನು ಬೆರೆಸುತ್ತಾರೆ. ಇವೆರಡನ್ನೂ ತಾತ್ಕಾಲಿಕ ದಾದಿಯರಂತೆ ಅಲ್ಪ ಪ್ರಮಾಣದಲ್ಲಿ ಬಳಸುವುದು ಯುಕ್ತ. ಇವುಗಳನ್ನೇ ನೆಚ್ಚುವುದು ಅಪಾಯ.

ದಖ್ಖನ್ನಿನ ಸ್ವಂತ ಹುಲ್ಲುಗಳು. ದಾಬಡಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ಪ್ರಕಟಿಸಿದ ಸಮೀಕ್ಷೆ ಭಾರತದ ಹುಲ್ಲುಹೊದಿಕೆಯನ್ನು ಐದು ವಿಧಗಳಾಗಿ ವಿಂಗಡಿಸಿತು. ಅದರಂತೆ ಪರ್ಯಾಯದ್ವೀಪದ ಬಹುಭಾಗ ಸೆಹಿಮಾ–ಡೈಕ್ಯಾಂಥಿಯಮ್ ಹೊದಿಕೆಗೆ ಸೇರಿದೆ. ದೆಹಲಿ ರಾಜಸ್ಥಾನಗಳ ಒಣಭಾಗ ಡೈಕ್ಯಾಂಥಿಯಮ್–ಸೆಂಕ್ರಸ್–ಲಾಸಿಯೂರಸ್ ಹೊದಿಕೆಗೆ ಸೇರಿದೆ. ದೆಹಲಿಯ ಪಟ್ಟಿಯನ್ನು ಸಂಡೂರಿಗೆ ಇದ್ದಂತೆಯೇ ತರಲಾಗದೆಂಬುದು ಈ ಒಂದು ವಿಂಗಡಣೆಯಿಂದಲೇ ಸಿದ್ಧವಾಗುತ್ತದೆ. ದಖ್ಖನ್ನಿನ ಗುಡ್ಡಗಳಲ್ಲಿ ಸೆಹಿಮಾ, ಕ್ರೈಸೊಪೋಗಾನ್, ಹೆಟೆರೋಪೋಗಾನ್ ಮೊದಲಾದ ಬುಡಕಟ್ಟುವ ಹುಲ್ಲುಗಳು ಸಹಜವಾಗಿ ನಿಲ್ಲುತ್ತವೆ. ಹೆಟೆರೋಪೋಗಾನ್‌ನ ಬೀಜಕ್ಕೆ ಉದ್ದನೆಯ ಊಬು ಇದೆ. ತೇವ ತಗಲಿದಾಗ ಊಬು ಸುರುಳಿ ಬಿಚ್ಚಿ, ಒಣಗಿದಾಗ ಮತ್ತೆ ಸುತ್ತಿಕೊಂಡು ಬೀಜವನ್ನು ಬೈರಿಗೆಯಂತೆ ನೆಲಕ್ಕೆ ಇಳಿಸುತ್ತದೆ. ಕುರಿಯ ಉಣ್ಣೆಗೆ ಅಂಟಿ ಕುರಿಗಾಹಿಗೆ ಕಾಟ ಕೊಡುವ ಊಬೇ ಹೆಪ್ಪುಗಟ್ಟಿದ ಮಣ್ಣನ್ನು ಭೇದಿಸುವ ಸಾಧನವೂ ಆಗಿದೆ.

6. ಎರಡು ನಾಡುಗಳ ಅನುಭವ

ದೆಹಲಿಯ ದಕ್ಷಿಣದ ಅಂಚಿನಲ್ಲಿರುವ ಭಟ್ಟಿ ಗಣಿಗಳಿಂದ ‘ಬದರ್‌ಪುರ್’ ಎಂದು ಹೆಸರಾದ ಕಟ್ಟಡದ ಮರಳನ್ನು ದಶಕಗಳ ಕಾಲ ತೆಗೆದರು. 1990ರ ಸುಮಾರಿಗೆ ಅದು ನಿಂತಿತು. 1991ರಲ್ಲಿ ಆ ಪ್ರದೇಶ ಅಸೋಲಾ ವನ್ಯಧಾಮಕ್ಕೆ ಸೇರಿತು. ವಸಂತ ವಿಹಾರದ ಬಳಿ ಕಲ್ಲು, ಮರಳು ಅಗೆದು ಬಿಟ್ಟಿದ್ದ ಸುಮಾರು 690 ಎಕರೆ ನೆಲದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವೂ ದೆಹಲಿ ವಿಶ್ವವಿದ್ಯಾಲಯದ ಕೇಂದ್ರವೊಂದೂ ಸೇರಿ ಅರಾವಳಿ ಜೀವವೈವಿಧ್ಯ ಉದ್ಯಾನವನ್ನು ರೂಪಿಸಿದವು. ಪ್ರಾಧ್ಯಾಪಕ ಸಿ. ಆರ್. ಬಾಬು ಅವರ ಮಾರ್ಗದರ್ಶನದಲ್ಲಿ ನಡೆದ ಆ ಕೆಲಸದ ಕ್ರಮ ಅನುಕರಣೀಯ. ವಿಲಾಯತಿ ಕೀಕರನ್ನು ಒಮ್ಮೆಲೇ ಕಿತ್ತು ಮಣ್ಣನ್ನು ಬೋಳು ಮಾಡಲಿಲ್ಲ. ಕೊಂಬೆಗಳನ್ನು ಸವರಿ ಬೆಳಕನ್ನು ನೆಲಕ್ಕೆ ಬಿಟ್ಟರು. ಬೆಳಕಿನಲ್ಲಿ ಸ್ಥಳೀಯ ಹುಲ್ಲೂ ಗಿಡಗಳೂ ನೆಲೆಯೂರಿದ ಹಾಗೆ ಹಳೆಯ ಮರ ಹಿಂದೆ ಸರಿಯುವಂತೆ ಮಾಡಿದರು. ಒಂದು ಜಾತಿಯನ್ನಲ್ಲ, ಒಂದು ಸಸ್ಯಸಮುದಾಯವನ್ನು ಮರಳಿ ತರುವುದು ಅಲ್ಲಿಯ ಗುರಿ.

ಕರ್ನಾಟಕದ ಪರಿಸ್ಥಿತಿ ಇನ್ನೂ ತೀವ್ರವಾದುದು. ಸಂಡೂರಿನ ಕಬ್ಬಿಣ, ಮ್ಯಾಂಗನೀಸ್ ಗುಡ್ಡಗಳಲ್ಲಿ ನಡೆದ ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದವನ್ನು ರದ್ದುಪಡಿಸಿತು. ಉಳಿದವು ಕೆಲಸ ಆರಂಭಿಸಬೇಕಾದರೆ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯನ್ನು ಪಾಲಿಸಬೇಕೆಂದು ವಿಧಿಸಿತು. ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಅಂಥ ಯೋಜನೆಗಳನ್ನು ಸಿದ್ಧಪಡಿಸಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು 2014ರಲ್ಲಿ ಪ್ರತ್ಯೇಕ ನಿಗಮವೂ ಸ್ಥಾಪನೆಯಾಯಿತು. ಇಳಿಜಾರಿನ ಹುಲ್ಲು ಹೀಗೆ ಕಾನೂನಿನ ಭಾಗವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಯಾವುದೇ ಷರತ್ತನ್ನು ಪೂರೈಸಬೇಕಾದವರು ತಪಾಸಣೆಯ ದಿನ ಹಸುರು ಕಾಣಲೆಂದು ಬಯಸುವುದು ಸಹಜ. ಮಳೆಗಾಲದ ಕೊನೆಗೆ ನಡೆಯುವ ತಪಾಸಣೆಯಲ್ಲಿ ವಾರ್ಷಿಕ ಹುಲ್ಲು ಎತ್ತರವಾಗಿ ನಿಂತಿರುತ್ತದೆ. ಆಗಷ್ಟೇ ಬೇರಿಳಿಸುತ್ತಿರುವ ಬಹುವಾರ್ಷಿಕ ಹುಲ್ಲು ಬಡಕಲಾಗಿ ಕಾಣುತ್ತದೆ. ಕಣ್ಣಿಗೆ ಕಂಡದ್ದನ್ನು ಅಳೆದರೆ ತಪ್ಪು ಹುಲ್ಲು ಗೆಲ್ಲುತ್ತದೆ. ಅಳೆಯಬೇಕಾದುದು ಮೊದಲ ಮಳೆಗಾಲದ ಎತ್ತರವನ್ನಲ್ಲ, ಮೂರನೆಯ ಬೇಸಗೆಯ ಕೊನೆಗೆ ಉಳಿದಿರುವ ಬುಡಗಳನ್ನು.

ಕುದುರೆಮುಖದ ನಿದರ್ಶನ ಇನ್ನೊಂದು ಮುಖವನ್ನು ತೋರಿಸುತ್ತದೆ. 6,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆ ಗಿರಿಶಿಖರಗಳಲ್ಲಿ ಹುಲ್ಲುಗಾವಲೇ ಸಹಜ ಸಸ್ಯ. ಶೋಲಾ ಕಾಡು ಕಣಿವೆಗಳ ಮಡಿಲಿನದು. 2002ರ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಉಳಿಯಿತು. ಅಂಥ ನೆಲಕ್ಕೆ ಬಳ್ಳಾರಿಯ ಒಣಹುಲ್ಲೂ ಸಲ್ಲದು, ಅಕೇಶಿಯಾ ತೋಪೂ ಸಲ್ಲದು. ಶಿಖರದ ಹುಲ್ಲನ್ನು ‘ಖಾಲಿ ನೆಲ’ವೆಂದು ಎಣಿಸಿ ಮರ ನೆಡುವುದು ಪುನಶ್ಚೇತನವಲ್ಲ, ಇದ್ದುದನ್ನು ಎರಡನೆಯ ಬಾರಿ ಕಳೆಯುವುದು.

7. ಹೆಸರು, ಬೀಜ, ಜ್ಞಾನ

ಸ್ಥಳೀಯ ಹುಲ್ಲೇ ಉತ್ತಮವೆಂದು ಒಪ್ಪಿದ ಮೇಲೂ ಎರಡು ಅಡ್ಡಿಗಳು ಉಳಿಯುತ್ತವೆ. ಒಂದು ಬೀಜದ್ದು. ಮಾರುಕಟ್ಟೆಯಲ್ಲಿ ಸಿಗುವುದು ಮೇವಿನ ಬೀಜ. ಸೆಹಿಮಾ, ಹೆಟೆರೋಪೋಗಾನ್‌ಗಳ ಹಗುರವಾದ ಬೀಜವನ್ನು ಯಾರಾದರೂ ಹುಲ್ಲುಗಾವಲಿಗೆ ಹೋಗಿ, ಹದವರಿತು, ಕೈಯಿಂದ ಕೂಡಿಹಾಕಬೇಕು. ಅಂಥ ಹುಲ್ಲುಗಾವಲುಗಳು ಗಣಿಯ ಜಿಲ್ಲೆಗಳಲ್ಲಿಯೇ ಇದ್ದವು: ಚಿತ್ರದುರ್ಗ, ತುಮಕೂರುಗಳ ಅಮೃತಮಹಲ್ ಕಾವಲುಗಳು. 2009ರ ನಂತರ ಚಳ್ಳಕೆರೆ ಸುತ್ತಲಿನ ಕಾವಲುಗಳಲ್ಲಿಯೇ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಬೀಜದ ತವರು ಕಿರಿದಾಗುತ್ತಿರುವಾಗ ಹುಲ್ಲು ಬೆಳೆಸಬೇಕೆಂಬ ಆದೇಶ ಎಲ್ಲಿಂದ ನೆರವೇರಬೇಕು?

ಎರಡನೆಯ ಅಡ್ಡಿ ಹೆಸರಿನದು. ಇದು ಕನ್ನಡ ವಿದ್ವತ್ತಿಗೆ ನೇರವಾಗಿ ಸೇರಿದ ವಿಷಯ. ಯೋಜನಾಪತ್ರಗಳಲ್ಲಿ ಲ್ಯಾಟಿನ್ ಹೆಸರುಗಳಿರುತ್ತವೆ. ಬೀಜ ಕೂಡಿಹಾಕುವ ಕೂಲಿಕಾರನಿಗೂ ಕುರಿಗಾಹಿಗೂ ಗೊತ್ತಿರುವುದು ಕನ್ನಡದ ಹೆಸರುಗಳು. ಕನ್ನಡದ ಹೆಸರು ಅನೇಕ ವೇಳೆ ಬಳಕೆಯನ್ನೂ ನೆಲೆಯನ್ನೂ ಹೇಳುತ್ತದೆ. ಪೊರಕೆಯಾಗುವ ಹಂಚಿಕಡ್ಡಿ ಬಡವಾದ, ಕಲ್ಲುಮಿಶ್ರಿತ ಗುಡ್ಡದ್ದು. ಕರಾವಳಿಯ ಗುಡ್ಡಗಳ ಮುಳಿಹುಲ್ಲು ಮನೆಯ ಸೂರಿನದು. ಜೇಕು ಕಂಡ ಕಡೆ ನೀರು ನಿಲ್ಲುತ್ತದೆಂದು ರೈತನಿಗೆ ಗೊತ್ತು. ಕಂದಾಯದ ಭಾಷೆಯಲ್ಲಿ ಉಳಿದಿರುವ ಹುಲ್ಲುಬನ್ನಿ, ಬಾಣೆ, ಗೋಮಾಳ, ಕಾವಲು ಎಂಬ ಪದಗಳೂ ಯಾವ ನೆಲ ಹುಲ್ಲಿನದಾಗಿತ್ತೆಂಬುದಕ್ಕೆ ದಾಖಲೆಗಳೇ ಸರಿ.

ಆದರೆ ಜನರ ಹೆಸರುಗಳನ್ನು ಪರಿಶೀಲನೆಯಿಲ್ಲದೆ ನೆಚ್ಚುವುದೂ ತರವಲ್ಲ. ‘ದರ್ಭೆ’ ಎಂಬ ಒಂದೇ ಹೆಸರು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹುಲ್ಲುಗಳಿಗೆ ಸಲ್ಲುತ್ತದೆ; ಒಂದೇ ಹುಲ್ಲಿಗೆ ಮಲೆನಾಡಿನಲ್ಲೊಂದು, ಬಯಲುಸೀಮೆಯಲ್ಲೊಂದು ಹೆಸರಿರುವುದೂ ಉಂಟು. ಹೆಸರನ್ನು ನಂಬಿ ತಪ್ಪು ಬೀಜ ತಂದರೆ ಒಂದು ಮಳೆಗಾಲವೇ ಹೋಗುತ್ತದೆ. ಕಿಟ್ಟೆಲರ 1894ರ ನಿಘಂಟು ಸಸ್ಯನಾಮಗಳಿಗೆ ಶಾಸ್ತ್ರೀಯ ನಾಮಗಳನ್ನು ಜೋಡಿಸುವ ಪರಿಪಾಠವನ್ನು ಕನ್ನಡಕ್ಕೆ ತೋರಿಸಿಕೊಟ್ಟಿತು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಕನ್ನಡದ ಸೃಜನಶೀಲ ಗದ್ಯವಾಗಿಸಿ 1978ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಈ ಪರಂಪರೆಯ ಮುಂದುವರಿಕೆಯಾಗಿ, ತಾಲ್ಲೂಕು ತಾಲ್ಲೂಕಿನ ಹುಲ್ಲಿನ ಹೆಸರುಗಳನ್ನು ಮಾದರಿ ಸಸ್ಯದೊಡನೆ, ಬೆಳೆಯುವ ನೆಲದ ವಿವರದೊಡನೆ, ಬೀಜ ಬಲಿಯುವ ಕಾಲದೊಡನೆ ಸಂಗ್ರಹಿಸುವ ಕೆಲಸವನ್ನು ಕನ್ನಡ ವಿಭಾಗವೂ ಸಸ್ಯಶಾಸ್ತ್ರ ವಿಭಾಗವೂ ಕೂಡಿ ಮಾಡಬೇಕಾಗಿದೆ. ಜಾನಪದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿ ಹಾಡನ್ನೂ ಗಾದೆಯನ್ನೂ ಬರೆದುಕೊಳ್ಳುವಂತೆ ಕುರಿಗಾಹಿಯ ಬಾಯಿಂದ ಹುಲ್ಲಿನ ಹೆಸರನ್ನೂ ಬರೆದುಕೊಂಡರೆ ಅದರ ಪ್ರಯೋಜನ ಗ್ರಂಥಾಲಯವನ್ನು ದಾಟಿ ಗುಡ್ಡವನ್ನು ಮುಟ್ಟುತ್ತದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗಣಿಭೂಮಿಗೆ ಒಂದೇ ಶ್ರೇಷ್ಠ ಹುಲ್ಲೆಂಬುದಿಲ್ಲ. ಕೆಲಸಕ್ಕೆ ತಕ್ಕ ಹುಲ್ಲುಗಳ ಕೂಟವಿದೆ. ಮೊದಲ ಮಳೆಯನ್ನು ತಡೆಯಲು ಅಲ್ಪ ಪ್ರಮಾಣದ ವಾರ್ಷಿಕ ಹುಲ್ಲು, ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು, ಸಾಲುಗಳ ನಡುವೆ ಆ ನಾಡಿನದೇ ಬುಡಕಟ್ಟುವ ಹುಲ್ಲು, ಹೂಳು ನಿಂತ ಕಡೆ ಗರಿಕೆ – ಇದು ಒಣಸೀಮೆಗೆ ಒಪ್ಪುವ ಒಂದು ಕ್ರಮ. ಮಳೆನಾಡಿಗೆ, ಶಿಖರಕ್ಕೆ ಕ್ರಮ ಬೇರೆ. ಎಲ್ಲೆಡೆಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಈ ಹುಲ್ಲು ನೆಲವನ್ನು ಹಿಡಿದ ಮೇಲೆ ಇತರ ಸಸ್ಯಗಳಿಗೆ ಬಿಟ್ಟುಕೊಡುವುದೇ?

ಆ ಪ್ರಶ್ನೆಯನ್ನು ಕೇಳದೆ ಮಾಡಿದ ಆಯ್ಕೆ ಕರೋಲ್ ಬಾಗ್‌ನ ಬೆಟ್ಟಸಾಲಿನ ಮೇಲೆ ಇಂದಿಗೂ ನಿಂತಿದೆ, ಬಳ್ಳಾರಿಯ ಬಯಲಿನಲ್ಲಿಯೂ ನಿಂತಿದೆ. ಕನ್ನಡಿಗರು ಒಂದು ಪರದೇಶದ ಜಾಲಿಗೆ ತಮ್ಮದೊಂದು ಜಿಲ್ಲೆಯ ಹೆಸರನ್ನಿಟ್ಟರು. ಆ ಜಿಲ್ಲೆಯ ಗುಡ್ಡಗಳಲ್ಲಿ ಮೊದಲಿನಿಂದ ಬೆಳೆಯುತ್ತಿದ್ದ ಹುಲ್ಲುಗಳ ಹೆಸರುಗಳನ್ನು ಬರೆದಿಡುವ ಕೆಲಸ ಇನ್ನೂ ಉಳಿದಿದೆ.